ಆಗಿಬಂದ ಕಲ್ಲು

ಸಿನಿಮಾದಲ್ಲಿ ವಜ್ರ ಕದಿಯುವವರು ಬಹಳ ಚೊಕ್ಕಟ ಜನ. ಕೋಟು ಹಾಕಿರುತ್ತಾರೆ, ಗಾಜಿಗೆ ಗುಂಡಗೆ ತೂತು ಕೊರೆಯುತ್ತಾರೆ, ಕಾವಲುಗಾರ ಆಕಳಿಸಿ ಮುಗಿಸುವುದರೊಳಗೆ ಕೆಲಸ ಮುಗಿದಿರುತ್ತದೆ. ಯಾರ ಹಲ್ಲೂ ಉದುರುವುದಿಲ್ಲ. ನಾನು ನಿಜವಾದವರನ್ನು ನೋಡಿದ್ದೇನೆ. ಒಬ್ಬನ ಕಾಲಲ್ಲಿ ಹವಾಯಿ ಚಪ್ಪಲಿ ಇತ್ತು, ಇನ್ನೊಬ್ಬ ನಮ್ಮನೆ ಹೊಸಿಲು ದಾಟುವಾಗ ಎಡವಿದ. ನನ್ನ ಎರಡು ಹಲ್ಲು ಈಗ ಇಲ್ಲ.

ನಾನು ಹುಮೇರಾ. ಶಿಕಾರಿಪುರದಲ್ಲಿ ಕಲ್ಲು ಕೂರಿಸುವ ಮುನೀರ್ ಅಹ್ಮದ್ ಅವರ ಮಗಳು. ಅಕ್ಕಸಾಲಿಗರು ಓಲೆ, ಮೂಗುಬೊಟ್ಟು ಮಾಡಿಕೊಡುತ್ತಾರೆ. ಅದರೊಳಗೆ ಹರಳು ಅಲುಗದಂತೆ ಕೂರಿಸುವುದು ನಮ್ಮ ಕೆಲಸ. ಅಬ್ಬಾ ಐವತ್ತು ವರ್ಷ ಅದನ್ನೇ ಮಾಡಿದರು. ನಾಲ್ಕು ವರ್ಷದ ಹಿಂದೆ ಲಕ್ವ ಹೊಡೆದು ಅವರ ಬಲಭಾಗ ಬಿತ್ತು, ಮಾತು ನಿಂತಿತು. ಆಮೇಲಿನ ಕೆಲಸವೆಲ್ಲ ನನ್ನದು, ಹೆಸರು ಮಾತ್ರ ಅವರದು. ಹೆಂಗಸಿನ ಕೈಗೆ ವಜ್ರ ಕೊಡುವುದು ಹೇಗೆ ಎಂದು ಜನ ಅನುಮಾನಪಡುತ್ತಾರೆ. ಹೆಂಗಸಿನ ಕಿವಿಗೆ ಇಡಲು ಮಾತ್ರ ಯಾರಿಗೂ ಅನುಮಾನವಿಲ್ಲ.

ಲಕ್ವ ಹೊಡೆದ ಮೇಲೆ ಅಬ್ಬಾನ ಬಲಗೈ ಮುಷ್ಟಿ ಕಟ್ಟಿಕೊಂಡಿತು. ಬಿಸಿನೀರಿನ ಬಟ್ಟೆ ಸುತ್ತಿ ಅರ್ಧ ಗಂಟೆ ನೀವಿದರೆ ಮಾತ್ರ ಬೆರಳು ಬಿಡುತ್ತಿದ್ದವು. ಉಗುರು ಅಂಗೈಗೆ ಇಳಿಯದ ಹಾಗೆ ಒಳಗೆ ಬಟ್ಟೆಯ ಸುರುಳಿ ಹಿಡಿಸಿ ಎಂದು ಡಾಕ್ಟರು ಹೇಳಿದ್ದರು. ಒಂದು ದಿನ ನನ್ನ ಅರಗಿನ ಕೋಲನ್ನು ಹಿಡಿದುಕೊಳ್ಳಲು ಯಾರೂ ಇಲ್ಲದಾಗ ಅದನ್ನು ಆ ಮುಷ್ಟಿಗೇ ಸಿಕ್ಕಿಸಿದೆ. ಕಾಯಿಸಿದ ಅರಗಿನಲ್ಲಿ ಓಲೆಯನ್ನು ಒತ್ತಿ, ಅದು ಗಟ್ಟಿಯಾದ ಮೇಲೆ ಕಲ್ಲು ಕೂರಿಸುವುದು ನಮ್ಮ ಪದ್ಧತಿ. ಆಗ ಕೋಲು ಕೂದಲೆಳೆಯಷ್ಟೂ ಅಲುಗಬಾರದು. ಅಬ್ಬಾನ ಮುಷ್ಟಿ ಅಲುಗಲಿಲ್ಲ. ತಲೆಯೆತ್ತಿ ನೋಡಿದರೆ ಅರ್ಧ ಬಾಯಿಯಲ್ಲಿ ನಗುತ್ತಿದ್ದರು. ಅವತ್ತಿನಿಂದ ನಾವಿಬ್ಬರೂ ಸೇರಿ ಒಬ್ಬ ಕೆಲಸಗಾರ.

ಕೆಲಸವಿಲ್ಲದ ಹೊತ್ತಿನಲ್ಲಿ ಆ ಮುಷ್ಟಿಯೇ ನಮ್ಮನೆಯ ತಿಜೋರಿ. ಗಿರಾಕಿಗಳ ಬೆಲೆಬಾಳುವ ಕಲ್ಲುಗಳನ್ನು ಅಡಿಕೆ ಗಾತ್ರದ ಅರಗಿನ ಉಂಡೆಯೊಳಗೆ ಒತ್ತಿ ಮುಚ್ಚಿ, ಮೇಲೆ ಬಟ್ಟೆ ಸುತ್ತಿ, ಅಬ್ಬಾನ ಕೈಯಲ್ಲಿಡುತ್ತಿದ್ದೆ. ಡಾಕ್ಟರು ಹೇಳಿದ ಸುರುಳಿಯೂ ಆಯಿತು, ಬೀಗವೂ ಆಯಿತು. ಇದು ಗೊತ್ತಿದ್ದದ್ದು ಮೂವರಿಗೆ: ನನಗೆ, ಅಬ್ಬಾಗೆ, ಪೇಟೆಯ ಚಿನ್ನದಂಗಡಿಯ ಆನಂದಪ್ಪನವರಿಗೆ.

ಆನಂದಪ್ಪನವರದು ಸಣ್ಣ ಅಂಗಡಿ. ವಜ್ರವನ್ನು ಯಾರಾದರೂ ಕೇಳಿದರೆ ಮಾತ್ರ ತರಿಸುತ್ತಿದ್ದರು. ನಮ್ಮ ಕಡೆ ಜನಕ್ಕೆ ವಜ್ರದ ಮೇಲೆ ಎಷ್ಟು ಆಸೆಯೋ ಅಷ್ಟೇ ಹೆದರಿಕೆ. ಎಲ್ಲರಿಗೂ ಆಗಿಬರುವುದಿಲ್ಲ ಎನ್ನುತ್ತಾರೆ. ಅದಕ್ಕೇ ಕೊಳ್ಳುವ ಮುಂಚೆ ಕಲ್ಲನ್ನು ಮೂರು ದಿನ ಮನೆಯಲ್ಲಿಟ್ಟುಕೊಂಡು ನೋಡುತ್ತಾರೆ. ಹಳದಿ ಬಟ್ಟೆಯಲ್ಲಿ ಕಟ್ಟಿ ಹಗಲು ದೇವರ ಮುಂದೆ, ಮಲಗುವಾಗ ತಲೆದಿಂಬಿನ ಕೆಳಗೆ. ಹಾಲು ಒಡೆಯಬಾರದು, ಕೆಟ್ಟ ಕನಸು ಬೀಳಬಾರದು, ಯಾರೂ ಬಚ್ಚಲಲ್ಲಿ ಜಾರಬಾರದು. ಏನೂ ಆಗದಿದ್ದರೆ ಕಲ್ಲು ಆಗಿಬಂತು ಎಂದು ಓಲೆ ಮಾಡಿಸುತ್ತಾರೆ. ಏನಾದರೂ ಆದರೆ ವಾಪಸ್ಸು.

ಇದಕ್ಕೆ ಆನಂದಪ್ಪನವರು ಒಂದು ಉಪಾಯ ಮಾಡಿಕೊಂಡಿದ್ದರು. ಏಳು ಕಲ್ಲಿನ ಒಂದು ಜೊತೆ ಓಲೆಗೆ ಹದಿನಾಲ್ಕು ವಜ್ರ ಬೇಕು. ಪರೀಕ್ಷೆಗೆ ಕೊಡುವಾಗ ಅವರು ಒಂದೇ ಒಂದು ಅಸಲಿ ವಜ್ರ ಇಟ್ಟು, ಉಳಿದ ಹದಿಮೂರಕ್ಕೆ ಅದೇ ಗಾತ್ರದ ಅಮೆರಿಕನ್ ಡೈಮಂಡ್ ಹಾಕಿ ಕಟ್ಟುತ್ತಿದ್ದರು. ಅಮೆರಿಕನ್ ಡೈಮಂಡ್ ಎಂದರೆ ಹೆಸರಿಗೆ ಡೈಮಂಡು, ಜಾತ್ರೆ ಸರದಲ್ಲಿರುವ ಹೊಳೆಯುವ ಕಲ್ಲು. ಅಸಲಿ ಹದಿಮೂರು ನಮ್ಮನೆಯಲ್ಲಿ, ಅಬ್ಬಾನ ಮುಷ್ಟಿಯಲ್ಲಿ.

"ಇದು ಮೋಸ ಅಲ್ಲೇನ್ರಿ ಸಾವ್ಕಾರ್ರೇ?" ಎಂದು ನಾನು ಒಮ್ಮೆ ಕೇಳಿದ್ದೆ.

"ಅನ್ನ ಬೆಂದೈತೋ ಇಲ್ಲೋ ನೋಡಾಕೆ ಒಂದು ಅಗುಳು ಸಾಕವ್ವ," ಎಂದಿದ್ದರು. "ಹದಿನಾಲ್ಕು ಅಸಲಿನ ಯಾರದೋ ದಿಂಬಿನ ಕೆಳಗೆ ಬಿಟ್ಟು ನಾನು ನಿದ್ದೆ ಮಾಡ್ಲೇನು?"

ಈ ಸಲ ಕೇಳಿದವರು ಸೊರಬದ ನಿರ್ಮಲಮ್ಮ. ಮಗಳು ಸ್ಪಂದನಳ ಮದುವೆಗೆ ಏಳು ಕಲ್ಲಿನ ಓಲೆ. ಮಂಗಳವಾರ ಆನಂದಪ್ಪನವರು ಸ್ಕೂಟರಿನಲ್ಲಿ ಹೋಗಿ ಹಳದಿ ಬಟ್ಟೆಯ ಗಂಟು ಕೊಟ್ಟುಬಂದರು. ನಿರ್ಮಲಮ್ಮ ಅದನ್ನು ಓಣಿಗೆಲ್ಲ ತೋರಿಸಿದರು. ನೋಡಿದವರಲ್ಲಿ ಆ ಮನೆಯ ಕೇಬಲ್ ಟಿವಿ ನೋಡಿಕೊಳ್ಳುವ ಚನ್ನೇಶನೂ ಇದ್ದ. ಕಲ್ಲು ಕೂರಿಸುವವರು ಶಿಕಾರಿಪುರದ ಮುನೀರ್ ಸಾಬರು, ಭಾರಿ ಕೈ, ಎಂದೂ ಆಕೆಯೇ ಹೇಳಿದ್ದು. ಇದೆಲ್ಲ ನನಗೆ ಆಮೇಲೆ ಪೊಲೀಸರಿಂದ ಗೊತ್ತಾಯಿತು.

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಗಂಟು ವಾಪಸ್ಸು ತರಲು ಆನಂದಪ್ಪನವರು ಸೊರಬದಲ್ಲಿದ್ದರು. ನಿರ್ಮಲಮ್ಮ ಬಿಡಲಿಲ್ಲ. ರಾಹುಕಾಲ, ಹನ್ನೆರಡು ಕಳೆದ ಮೇಲೆ ಹೊರಡಿ ಎಂದು ಉಪ್ಪಿಟ್ಟು ಕೊಟ್ಟು ಕೂರಿಸಿದರು. ಆ ಒಂದೂವರೆ ಗಂಟೆಯಲ್ಲಿ ಚನ್ನೇಶ್ ತನ್ನ ಗೆಳೆಯ ತೀರ್ಥೇಶನನ್ನು ಬೈಕಿನ ಸಮೇತ ಕರೆಸಿಕೊಂಡ. ತೀರ್ಥೇಶ್ ಲಾರಿ ಓಡಿಸುವವನು. ಒಳ್ಳೆಯ ಹೊತ್ತು ನೋಡಿ ಕಳಿಸಿದ್ದಕ್ಕೆ ಆನಂದಪ್ಪನವರು ದಾರಿಯಲ್ಲಿ ಸತ್ತರು. ರಾಹುಕಾಲದಲ್ಲೇ ಹೊರಟಿದ್ದರೆ ಬದುಕುತ್ತಿದ್ದರು ಎಂದು ನಾನು ಹೇಳಿದರೆ ಜನ ನನ್ನನ್ನೇ ದುರುಗುಟ್ಟಿ ನೋಡುತ್ತಾರೆ.

ನಮ್ಮನೆಯಲ್ಲಿ ಟಿವಿ ಸದಾ ಜೋರು. ಅಬ್ಬಾಗೆ ಕಿವಿ ಮಂದ, ಸಿನಿಮಾ ಎಂದರೆ ಪ್ರಾಣ. ಅದರಲ್ಲೂ ವಜ್ರ ಕದಿಯುವ ಸಿನಿಮಾ ಬಂದರೆ ಮಾತಿದ್ದ ಕಾಲದಲ್ಲಿ ನನ್ನನ್ನೂ ಕೂಗಿ ಕರೆಯುತ್ತಿದ್ದರು, ಇಬ್ಬರೂ ಕೂತು ನಗಲಿಕ್ಕೆ. ಕಳ್ಳರು ಚೀಲ ಬಗ್ಗಿಸಿದರೆ ಹಿಡಿಹಿಡಿ ಹರಳು ಸುರಿಯುತ್ತವೆ. "ಅದು ಹೀರಾ ಅಲ್ಲ ಬೇಟಿ, ಕಲ್ಲುಸಕ್ಕರೆ" ಎನ್ನುತ್ತಿದ್ದರು. ಯಾವುದೋ ಒಂದರಲ್ಲಿ ಹೀರೋ ವಜ್ರವನ್ನು ಕಬ್ಬಿಣದ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಲ್ಲಿ ಬಡಿಯುತ್ತಾನೆ, ಸುತ್ತಿಗೆ ಮುರಿಯುತ್ತದೆ, ವಜ್ರ ಹಾಗೇ ಇರುತ್ತದೆ. ಅವತ್ತು ಅಬ್ಬಾ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡಿದ್ದರು. ವಜ್ರ ಗಟ್ಟಿ ಹೌದು, ಅದರ ಮೇಲೆ ಗೀರು ಬೀಳುವುದಿಲ್ಲ. ಆದರೆ ಸುತ್ತಿಗೆ ಏಟಿಗೆ ಒಡೆದುಹೋಗುತ್ತದೆ. ನಮ್ಮ ಕೆಲಸದವರಿಗೆಲ್ಲ ಗೊತ್ತಿರುವ ಮಾತು.

ಶುಕ್ರವಾರ ಒಂದೂಕಾಲರ ಮೇಲೆ ನಮ್ಮ ಓಣಿಯ ಗಂಡಸರೆಲ್ಲ ಜುಮ್ಮಾ ನಮಾಜಿಗೆ ಹೋಗಿರುತ್ತಾರೆ. ನಾನು ಬಾಗಿಲು ಮುಂದೆ ಮಾಡಿಕೊಂಡು ಒಂದು ಬೆಳ್ಳಿ ಉಂಗುರ ತೊಳೆಯುತ್ತಿದ್ದೆ. ಅಬ್ಬಾ ಕುರ್ಚಿಯಲ್ಲಿ, ಮಡಿಲಲ್ಲಿ ಬಲಮುಷ್ಟಿ. ಇಬ್ಬರು ಬಾಗಿಲು ತಳ್ಳಿ ಒಳಗೆ ಬಂದರು. ಮುಂದಿನವನು ಕಪ್ಪು ಕನ್ನಡಕ, ಕೊರೊನಾ ಕಾಲದ ಕಪ್ಪು ಮಾಸ್ಕು, ಕೈಗೆ ಆಸ್ಪತ್ರೆಯ ರಬ್ಬರ್ ಗ್ಲೌಸು ಹಾಕಿದ್ದ. ಅವನೇ ಎಡವಿದವನು. ಹಿಂದಿನವನ ಮುಖಕ್ಕೆ ಒಂದು ಟವೆಲ್ಲು, ಕೈಯಲ್ಲಿ ಲಾರಿಯ ಜಾಕಿ ರಾಡು. ಅವನು ಬಾಗಿಲಿಗೆ ಚಿಲಕ ಹಾಕಿದ.

"ಹೆದರ್ಬೇಡ ಮಾರಾಯ್ತಿ. ಹೇಳಿದ್ದು ಕೇಳಿದ್ರೆ ಯಾರಿಗೂ ಏನೂ ಆಗಲ್ಲ," ಎಂದ ಕನ್ನಡಕದವನು. ಸಿನಿಮಾದ ಮಾತು ಎಂದು ಆಗಲೇ ಅನಿಸಿತು. ಅವನು ಅಬ್ಬಾನ ಪಕ್ಕದಿಂದ ರಿಮೋಟು ಎತ್ತಿಕೊಂಡು ಟಿವಿಯ ಸದ್ದನ್ನು ಇನ್ನೂ ಏರಿಸಿದ. ಯಾವುದೋ ಹೊಡೆದಾಟದ ಸಿನಿಮಾ ನಡೆಯುತ್ತಿತ್ತು. "ನಂಬರ್ ಟೂ, ಮುದುಕನ ಹತ್ರ ನಿಲ್ಲು."

"ನಂಗೆ ಹೆಸರಿಲ್ವೇನೋ? ತೀರ್ಥೇಶ ಅನ್ನೋಕೆ ನಾಲಿಗೆ ಸವಿತದಾ?" ಎಂದ ಹಿಂದಿನವನು.

ಕನ್ನಡಕದವನು ಮಾಸ್ಕನ್ನು ಗದ್ದಕ್ಕೆ ಇಳಿಸಿ, ಕನ್ನಡಕ ತೆಗೆದು ಜೇಬಿಗೆ ಹಾಕಿದ. ಮುಖ ನೋಡಿದರೆ ನೋಡಲಿ, ಇನ್ನೇನು ಎಂಬ ಹಾಗೆ. ಆ ಕ್ಷಣಕ್ಕೆ ನನಗೆ ತಿಳಿಯಿತು, ಇವರು ನಮ್ಮನ್ನು ಜೀವಸಹಿತ ಬಿಟ್ಟು ಹೋಗುವವರಲ್ಲ ಎಂದು. ನಾನು ಗಟ್ಟಿಗಿತ್ತಿ ಎಂದು ಓಣಿಯಲ್ಲಿ ಹೆಸರಿದೆ, ಆದರೆ ಅವತ್ತು ನೆಲದ ಮೇಲೆ ಕೂತಲ್ಲಿಂದ ಏಳಲಾಗಲಿಲ್ಲ.

ಅವನು ಹಳದಿ ಬಟ್ಟೆಯ ಗಂಟನ್ನು ನನ್ನ ಕೆಲಸದ ಮಣೆಯ ಮೇಲೆ ಬಿಚ್ಚಿದ. ಬಟ್ಟೆಯ ಒಂದು ಮೂಲೆ ಕೆಂಪಗಿತ್ತು. ಪೂಜೆಯ ಕುಂಕುಮ ಎಂದುಕೊಂಡೆ. ಮುಟ್ಟಿದರೆ ಬೆರಳಿಗೆ ಅಂಟಿತು.

"ಸಾವ್ಕಾರ್ರು ಎಲ್ಲಿ?" ಎಂದೆ.

"ತಾಳಗುಂದದ ಹತ್ರ ಮೆಕ್ಕೆಜೋಳದಾಗೆ ಮಲಗವ್ರೆ," ಎಂದ ತೀರ್ಥೇಶ್. "ಗಂಟು ಬಿಡು ಅಂದ್ರೆ ಹೊಟ್ಟೆ ಅಡಿಗೆ ಹಾಕ್ಕಂಡು ಕವುಚಿ ಬಿದ್ದ ಮುದುಕ. ನಾಕು ಬಿಗಿಬೇಕಾತು ತಲೆಗೆ."

ಹೇಳುವಾಗ ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಭಯವೂ ಇರಲಿಲ್ಲ. ರಾಡಿನ ತುದಿಯಲ್ಲಿ ಎರಡು ಬಿಳಿಕೂದಲು ಅಂಟಿದ್ದವು. ಒಂದು ಅಸಲಿ ಕಲ್ಲಿಗಾಗಿ, ಹದಿಮೂರು ಜಾತ್ರೆ ಕಲ್ಲಿಗಾಗಿ ಆನಂದಪ್ಪನವರು ಕವುಚಿ ಬಿದ್ದಿದ್ದರು. ನಕಲಿ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಬಿಟ್ಟಿದ್ದರೆ ಆಗುತ್ತಿತ್ತು. ಗಿರಾಕಿಯ ಗಂಟು, ಕೈಬಿಡಬಾರದು ಎಂಬ ಅಭ್ಯಾಸ ಬಿಡಲಿಲ್ಲ.

"ನೋಡಿ ಹೇಳು, ಎಂಥ ಕಲ್ಲು ಇವು? ಕೊಳ್ಳೋ ಹುಬ್ಬಳ್ಳಿಯವನು ಮೋಸ ಮಾಡಬಾರದು ನಂಗೆ," ಎಂದ ಕನ್ನಡಕ ತೆಗೆದವನು, ಅವನೇ ಚನ್ನೇಶ್. ಪ್ರತಿ ಸಿನಿಮಾದಲ್ಲೂ ಭೂತಗನ್ನಡಿ ಹಿಡಿದು ಕಲ್ಲು ನೋಡುವವನೊಬ್ಬ ಇರುತ್ತಾನಲ್ಲ, ಅದಕ್ಕೇ ನಮ್ಮನೆಗೆ ಬಂದಿದ್ದ.

ಭೂತಗನ್ನಡಿ ಕಣ್ಣಿಗಿಟ್ಟೆ. ಹದಿಮೂರು ನಕಲಿಗಳ ನಡುವೆ ಒಂದೇ ಒಂದು ಅಸಲಿ. ನಿಜ ಹೇಳಿದರೆ ಉಳಿದವು ಎಲ್ಲಿ ಎಂದು ಕೇಳುತ್ತಾರೆ. ಉಳಿದವು ಎರಡು ಮೊಳದ ದೂರದಲ್ಲಿ ಅಬ್ಬಾನ ಮಡಿಲಲ್ಲಿದ್ದವು. ತೆಗೆದುಕೊಟ್ಟರೆ ಅವರ ಕೆಲಸ ಮುಗಿಯಿತು, ಆಮೇಲೆ ನಾವಿಬ್ಬರೂ ಮೆಕ್ಕೆಜೋಳದಲ್ಲಿ ಮಲಗಿದ ಹಾಗೇ. ನಮಾಜು ಮುಗಿದು ಜನ ಬರುವವರೆಗೆ ಹೊತ್ತು ದೂಡಬೇಕಿತ್ತು, ಅಷ್ಟೇ ನನಗೆ ಹೊಳೆದದ್ದು.

"ಎಲ್ಲಾ ಚೊಲೋ ಕಲ್ಲು. ಹದಿನಾಲ್ಕೂ ಅಸಲಿ," ಎಂದೆ.

"ಹಂಗಾರೆ ನೋಡೇ ಬಿಡುವ," ಎಂದು ಚನ್ನೇಶ್ ನನ್ನ ಸುತ್ತಿಗೆ ಎತ್ತಿಕೊಂಡ. "ಅಸಲಿ ಆದ್ರೆ ಒಡೆಯಲ್ಲ."

ನಾನು ಬಾಯಿ ತೆರೆಯುವುದರೊಳಗೆ ಒಂದು ಕಲ್ಲನ್ನು ಅಡಿಗಲ್ಲಿನ ಮೇಲಿಟ್ಟು ಬಡಿದ. ಅದು ಬಿಳಿ ಪುಡಿಯಾಯಿತು. ಚನ್ನೇಶ್ ತೀರ್ಥೇಶನ ಕಡೆ ನೋಡಿ ಗದ್ದದಲ್ಲೇ ಸನ್ನೆ ಮಾಡಿದ. ತೀರ್ಥೇಶ್ ರಾಡನ್ನು ಅಬ್ಬಾನ ಎಡಮೊಣಕಾಲಿಗೆ ಬೀಸಿದ. ಒಣಸೌದೆ ಮುರಿದ ಸದ್ದು ಬಂತು. ಅಬ್ಬಾನ ಗಂಟಲಿನಿಂದ ಒಂದು ಕೂಗು ಹೊರಟಿತು. ನಾಲ್ಕು ವರ್ಷದಲ್ಲಿ ಅವರ ದನಿ ನಾನು ಕೇಳಿದ್ದು ಅದೇ ಮೊದಲು.

"ಸುಳ್ಳು ಹೇಳಿದ್ರೆ ಹಿಂಗೇ," ಎಂದ ಚನ್ನೇಶ್.

"ವಜ್ರನೂ ಒಡಿತೈತಿ ಕಣೋ ಹುಚ್ಚ! ಗೀರು ಬೀಳಲ್ಲ ಅಷ್ಟೇ, ಹೊಡೆದ್ರೆ ಒಡಿತೈತಿ! ಅಬ್ಬಾನ್ನ ಮುಟ್ಟಬ್ಯಾಡ್ರಿ!" ಎಂದು ಕಿರುಚಿದೆ.

"ಪಿಚ್ಚರ್ ನೋಡಿಲ್ವಾ ನೀನು?" ಎಂದು ನಕ್ಕು ಎರಡನೆಯದನ್ನು ಇಟ್ಟ.

ಎರಡನೆಯದು ಒಡೆಯಿತು. ತೀರ್ಥೇಶ್ ಅಬ್ಬಾನ ಎಡಗೈಯನ್ನು ಕುರ್ಚಿಯ ತೋಳಿನ ಮೇಲೆ ಚಾಚಿಸಿ ಬೆರಳುಗಳ ಮೇಲೆ ಹೊಡೆದ. ಅನ್ನ ಕಲಸಿಕೊಳ್ಳಲು ಅವರಿಗೆ ಉಳಿದಿದ್ದದ್ದು ಅದೊಂದೇ ಕೈ. ಮೂರನೆಯದು ಒಡೆದಾಗ ಪಕ್ಕೆಗೆ ಬಿತ್ತು. ಟಿವಿಯಲ್ಲಿಯೂ ಯಾರೋ ಯಾರಿಗೋ ಹೊಡೆಯುತ್ತಿದ್ದರು, ಢಿಶುಂ ಢಿಶುಂ ಎಂದು. ಪಕ್ಕದ ಮನೆಯ ಸರ್ವರ್ ಬೀ ಚಾಚಿ ನನ್ನ ಕಿರುಚಾಟ ಕೇಳಿದ್ದರು. ಇವತ್ತು ಮುನೀರ್ ಭಾಯಿ ನೋಡುತ್ತಿರುವ ಪಿಚ್ಚರಿನಲ್ಲಿ ಫೈಟಿಂಗ್ ಜೋರಾಗಿದೆ ಎಂದುಕೊಂಡು ಅಕ್ಕಿ ಆರಿಸುತ್ತಾ ಕೂತಿದ್ದರಂತೆ. ಅದನ್ನು ಹೇಳಿ ಹೇಳಿ ಚಾಚಿ ಇವತ್ತಿಗೂ ಎದೆ ಬಡಿದುಕೊಳ್ಳುತ್ತಾರೆ.

ಅವನು ನಾಲ್ಕನೆಯದನ್ನು ಇಡುವಾಗಲೇ ನನಗೆ ಗುರುತು ಸಿಕ್ಕಿತು. ಅದೇ ಅಸಲಿ. "ಬ್ಯಾಡ, ಅದು ಅಸಲಿ, ಅದೊಂದೇ ಅಸಲಿ!" ಎಂದು ಅವನ ಕೈ ಹಿಡಿದೆ. ಅವನು ಸುತ್ತಿಗೆಯ ಹಿಡಿಯಿಂದ ನನ್ನ ಬಾಯಿಗೆ ಹೊಡೆದ. ಹಲ್ಲು ನಾಲಿಗೆಯ ಮೇಲೆ ಬಿದ್ದವು. ಆಮೇಲೆ ಕಲ್ಲಿಗೆ ಹೊಡೆದ. ನಕಲಿ ಕಲ್ಲು ಪಿಚ್ಚೆಂದು ಪುಡಿಯಾಗುತ್ತದೆ. ವಜ್ರ ಟಣ್ ಎಂದು ಚೂರುಗಳಾಗಿ ಹಾರುತ್ತದೆ. ಒಂದು ಚೂರು ನನ್ನ ಹುಬ್ಬಿಗೆ ತಾಗಿ ಗೀರಿತು. ಒಬ್ಬ ಮನುಷ್ಯನ ಜೀವ ತೆಗೆದು ತಂದದ್ದನ್ನು ಅವನೇ ಒಡೆದುಹಾಕಿದ, ಅದೂ ಸಿನಿಮಾದವರ ಮಾತು ನಂಬಿ. ನನ್ನ ಮಾತು ನಂಬಲಿಲ್ಲ.

ಉಳಿದ ಹತ್ತನ್ನು ಹೆಚ್ಚು ಹೊತ್ತು ತೆಗೆದುಕೊಳ್ಳದೆ ಬಡಿದು ಮುಗಿಸಿದ. ಅವನ ಮುಖ ಬಿಳಿಚಿಕೊಂಡಿತು.

"ಎಲ್ಲಾ ಗಾಜು ಮಾರಾಯ. ಗಾಜಿಗೋಸ್ಕರ ಮುದುಕನ್ನ ಕೊಂದ್ಯಲ್ಲೋ," ಎಂದ ತೀರ್ಥೇಶನಿಗೆ.

"ಕೊಲ್ಲು ಅಂದೋನು ನೀನು," ಎಂದ ತೀರ್ಥೇಶ್. ಆಮೇಲೆ ನನ್ನ ಕಡೆ ತಿರುಗಿದ. "ಅಸಲಿ ಎಲ್ಲಿಟ್ಟೀಯ ಹೇಳು. ಇಲ್ಲ ಅಂದ್ರೆ ಈ ಏಟು ನಿಮ್ಮಪ್ಪನ ತಲೆಗೆ."

ಅವನು ರಾಡು ಎತ್ತಿದ್ದ. ಅಬ್ಬಾ ನನ್ನನ್ನು ನೋಡಿದರು. ಕಣ್ಣನ್ನು ಬಿಟ್ಟರೆ ಅವರಿಗೆ ಬೇರೆ ಮಾತಿರಲಿಲ್ಲ. ಆ ಕಣ್ಣು ನನ್ನನ್ನು ಬಿಟ್ಟು ಮಣೆಯ ಪಕ್ಕಕ್ಕೆ ಹೋಯಿತು, ಮತ್ತೆ ನನ್ನ ಮೇಲೆ ಬಂತು. ಮಣೆಯ ಪಕ್ಕದಲ್ಲಿ ಪಿಂಗಾಣಿ ಬಟ್ಟಲಿತ್ತು, ಅದರ ತುಂಬ ತೇಜಾಬು. ಚಿನ್ನದ ಕೊಳೆ ತೆಗೆಯಲು ನಾವು ಬಳಸುವ ಆಮ್ಲ ಅದು, ಒಂದು ಹನಿ ಬಿದ್ದರೆ ಚರ್ಮ ಹಳದಿಯಾಗಿ ಸುಟ್ಟು ಏಳುತ್ತದೆ. ಅದರ ಹತ್ತಿರ ಹೋಗಬೇಡ ಎಂದು ಚಿಕ್ಕಂದಿನಲ್ಲಿ ನನ್ನ ಕೈಮೇಲೆ ಎಷ್ಟು ಸಲ ಹೊಡೆದಿದ್ದರೋ ಅದೇ ಅಬ್ಬಾ ಈಗ ಅದನ್ನು ತೋರಿಸುತ್ತಿದ್ದರು.

"ಆ ಬಟ್ಟಲೊಳಗದಾವೆ," ಎಂದೆ. ರಕ್ತ ಉಗುಳಿ ಮತ್ತೆ ಹೇಳಿದೆ. "ಅಸ್ಲಿ ಕಲ್ಲೆಲ್ಲ ತೇಜಾಬಿನ ತಳದಾಗೆ. ಯಾರೂ ಕೈ ಹಾಕಬಾರ್ದು ಅಂತ ಅಲ್ಲಿಟ್ಟಿದ್ವಿ."

ಚನ್ನೇಶನ ಕಣ್ಣು ಅರಳಿತು. ಅವನು ನೋಡಿದ ಸಿನಿಮಾಗಳಲ್ಲಿ ವಜ್ರವನ್ನು ಇಂಥ ಕಡೆಯೇ ಬಚ್ಚಿಟ್ಟಿರುತ್ತಾರೆ. ನಿಜ ಹೇಳಿದಾಗ ನಂಬದವನು ಇದನ್ನು ಒಂದೇ ಮಾತಿಗೆ ನಂಬಿದ. "ನಾ ಹೇಳ್ಲಿಲ್ವಾ! ತೀರ್ಥೇಶ, ಬಗ್ಗಿ ನೋಡು," ಎಂದ.

ತೀರ್ಥೇಶ್ ಟವೆಲ್ಲನ್ನು ಕುತ್ತಿಗೆಗೆ ಇಳಿಸಿ, ಮಣೆಯ ಮೇಲೆ ಬಗ್ಗಿ, ಬಟ್ಟಲೊಳಗೆ ಕಣ್ಣು ಕಿರಿದು ಮಾಡಿ ಇಣುಕಿದ. ನಾನು ಬಟ್ಟಲನ್ನು ಎರಡೂ ಕೈಯಿಂದ ಎತ್ತಿ ಅವನ ಮುಖಕ್ಕೆ ಮುಚ್ಚಿದೆ.

ಅವನ ಕೂಗನ್ನು ಬರೆದು ತಿಳಿಸಲು ನನಗೆ ಬರುವುದಿಲ್ಲ. ನನ್ನ ಮೊಣಕೈವರೆಗೆ ಚರ್ಮ ಸುಟ್ಟಿತು, ಆಗ ಗೊತ್ತೇ ಆಗಲಿಲ್ಲ. ಅವನು ಒಂದು ಕೈಯಲ್ಲಿ ಮುಖ ಕಿತ್ತುಕೊಳ್ಳುತ್ತಾ ಇನ್ನೊಂದು ಕೈಯಲ್ಲಿ ರಾಡು ಬೀಸತೊಡಗಿದ, ನಾನು ಎಲ್ಲಿದ್ದೇನೆ ಎಂದು ಕಾಣದೆ. ಮೊದಲ ಏಟು ಅವನನ್ನು ಹಿಡಿಯಲು ಬಂದ ಚನ್ನೇಶನ ಕಪಾಲಕ್ಕೆ ಬಿತ್ತು. ಚನ್ನೇಶ್ ಮಾತಿಲ್ಲದೆ ಅಡಿಗಲ್ಲಿನ ಮೇಲೆ ಬಿದ್ದ, ತಾನೇ ಒಡೆದ ಪುಡಿಯ ಮೇಲೆ ಮುಖವಿಟ್ಟು. ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಸಂತೋಷವಾಯಿತು.

ಎರಡನೇ ಏಟು ಅಬ್ಬಾಗೆ ಬಿತ್ತು. ನಾನು ನೆಲಕ್ಕೆ ಬಗ್ಗಿದ್ದೆ, ಅಬ್ಬಾಗೆ ಬಗ್ಗಲು ಆಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತಿದ್ದ ಹಾಗೇ ತಲೆ ಒಂದು ಪಕ್ಕಕ್ಕೆ ವಾಲಿತು.

ಸುತ್ತಿಗೆ ನನ್ನ ಕೈಗೆ ಹೇಗೆ ಬಂತೋ ಗೊತ್ತಿಲ್ಲ. ಕೈಯಿಂದ ರಾಡು ಬೀಳುವವರೆಗೆ ತೀರ್ಥೇಶನ ಮಣಿಕಟ್ಟಿಗೆ ಹೊಡೆದೆ, ಬಿದ್ದ ಮೇಲೂ ಹೊಡೆದೆ. ನಮಾಜು ಮುಗಿಸಿ ಬಂದವರು ಬಾಗಿಲು ಒಡೆದಾಗ ಟಿವಿಯಲ್ಲಿ ಹಾಡು ಬರುತ್ತಿತ್ತಂತೆ.

ಚನ್ನೇಶ್ ಅಲ್ಲೇ ಸತ್ತ. ತೀರ್ಥೇಶನಿಗೆ ಎರಡೂ ಕಣ್ಣಿಲ್ಲ, ಜೈಲಿನಲ್ಲಿದ್ದಾನೆ. ಆನಂದಪ್ಪನವರ ಹೆಣ ಸಂಜೆ ಐದಕ್ಕೆ ಸಿಕ್ಕಿತು. ಅಬ್ಬಾನನ್ನು ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಸಾಗಿಸಿದೆವು. ಇನ್ಸ್‌ಪೆಕ್ಟರು ಅಲ್ಲಿಗೇ ಬಂದು, "ಕಲ್ಲೆಲ್ಲಾ ಒಡೆದು ಹೋದ್ವೇನಮ್ಮ?" ಎಂದು ಕೇಳಿದರು. "ಅವರು ತಂದಿದ್ದೆಲ್ಲಾ ಒಡೆದ್ರು ಸರ್," ಎಂದೆ. ಅದು ಸುಳ್ಳಲ್ಲ.

ಮೂರು ದಿನ ಅಬ್ಬಾ ಉಸಿರಾಡಿದರು, ಕಣ್ಣು ಬಿಡಲಿಲ್ಲ. ನರ್ಸು ಬಲಗೈ ನೋಡಿ, ಲಕ್ವದವರಿಗೆ ಹೀಗೆ ಬಟ್ಟೆ ಹಿಡಿಸಿದ್ದು ಒಳ್ಳೆಯದಾಯಿತು ಎಂದು ಹಾಗೇ ಬಿಟ್ಟರು. ಆ ಮುಷ್ಟಿಯೊಳಗೆ ಹದಿಮೂರು ವಜ್ರ. ಗೊತ್ತಿದ್ದ ಮೂವರಲ್ಲಿ ಒಬ್ಬರು ಸತ್ತಿದ್ದರು, ಒಬ್ಬರು ಸಾಯುತ್ತಿದ್ದರು. ನನ್ನ ತಲೆಯಲ್ಲಿ ಕೆಟ್ಟ ಯೋಚನೆ ಬರಲೇ ಇಲ್ಲ ಎಂದರೆ ಅದು ಸುಳ್ಳು. ಬಂತು. ಎರಡನೇ ದಿನ ಪೂರ್ತಿ ನನ್ನ ಜೊತೆಗೇ ಕೂತಿತ್ತು. ಜೊತೆಗೆ ಇನ್ನೊಂದೂ ಕೂತಿತ್ತು: ತೇಜಾಬು ಎರಚಿದವಳು ನಾನು, ಕುರುಡಾದ ರಾಡು ಅಬ್ಬಾನ ತಲೆ ಹುಡುಕಿಕೊಂಡದ್ದು ನನ್ನಿಂದ. ಕಣ್ಣಲ್ಲಿ ತೋರಿಸಿದ್ದು ಅವರೇ ಎಂದು ಎಷ್ಟು ಸಮಾಧಾನ ಹೇಳಿಕೊಂಡರೂ ಕೈ ನನ್ನದೇ.

ಸೋಮವಾರ ಮಧ್ಯಾಹ್ನ ಉಸಿರು ನಿಂತಿತು. ಸ್ವಲ್ಪ ಹೊತ್ತಿಗೆ, ನಾಲ್ಕು ವರ್ಷ ಬಿಸಿನೀರಿಗೂ ಸುಲಭಕ್ಕೆ ಬಗ್ಗದಿದ್ದ ಬೆರಳುಗಳು ತಾವಾಗಿಯೇ ಬಿಚ್ಚಿಕೊಂಡವು. ಉಂಡೆ ಹಾಸಿಗೆಯ ಮೇಲೆ ಉರುಳಿ ನನ್ನ ಮಡಿಲಿಗೆ ಬಂತು. ಗಿರಾಕಿಯ ಸಾಮಾನನ್ನು ಕೊನೆಯವರೆಗೆ ಹಿಡಿದುಕೊಂಡಿದ್ದು ನನಗೆ ಒಪ್ಪಿಸಿ ಹೋದರು. ಕೆಟ್ಟ ಯೋಚನೆ ಅಲ್ಲಿಗೆ ಮುಗಿಯಿತು. ನಾನು ಆಗ ಅತ್ತೆ, ಅಲ್ಲಿಯವರೆಗೆ ಅತ್ತಿರಲಿಲ್ಲ.

ಆನಂದಪ್ಪನವರ ಹೆಂಡತಿ ವರದಮ್ಮನವರ ಮನೆಗೆ ನಾನು ಹೋದದ್ದು ಇಬ್ಬರ ಸಾವಿನ ಕಾರ್ಯಗಳೂ ಮುಗಿದ ಮೇಲೆ. ನಡುಮನೆಯಲ್ಲಿ ಚಾಪೆಯ ಮೇಲೆ ಸೊರಬದ ನಿರ್ಮಲಮ್ಮ ಕೂತಿದ್ದರು. ನನ್ನ ಕೈಯ ಬ್ಯಾಂಡೇಜು, ಬಾಯಿ ನೋಡಿ ಲೊಚಗುಟ್ಟಿದರು.

"ಏನ್ ಕೇಡುಗಾಲ ಬಂತೇ ಮಾರಾಯ್ತಿ. ನಮಗಂತೂ ಆ ಕಲ್ಲು ಭಾರಿ ಚೆನ್ನಾಗಿ ಆಗಿಬಂದಿತ್ತು. ಮೂರು ದಿನ ಒಂದು ಹನಿ ಹಾಲು ಒಡೀಲಿಲ್ಲ. ಹುಡುಗನ ಕಡೆಯೋರು ತಾವಾಗೇ ಫೋನ್ ಮಾಡಿ ಲಗ್ನದ ತಾರೀಕು ಗಟ್ಟಿ ಮಾಡಿದ್ರು," ಎಂದರು. ಆಮೇಲೆ ದನಿ ತಗ್ಗಿಸಿದರು. "ಆನಂದಪ್ಪನೋರಿಗೆ ಆಗಿಬರ್ಲಿಲ್ಲ. ಏನ್ ಮಾಡಕ್ಕಾಗತ್ತೆ."

ನನಗೆ ಮೈಯೆಲ್ಲ ಉರಿಯಿತು. ಅರಗಿನ ಉಂಡೆಯನ್ನು ವರದಮ್ಮನವರ ಮುಂದೆ ಒಡೆದು, ಹದಿಮೂರು ಕಲ್ಲನ್ನೂ ಅವರ ಅಂಗೈಗೆ ಹಾಕಿದೆ. ಒಂದೇ ಅಸಲಿ ಇಟ್ಟು ಕೊಡುತ್ತಿದ್ದದ್ದನ್ನು, ಆ ಒಂದನ್ನು ಚನ್ನೇಶ್ ಒಡೆದದ್ದನ್ನು, ಇವು ಎಲ್ಲಿದ್ದವು ಎಂಬುದನ್ನು ಹೇಳಿದೆ. ವರದಮ್ಮ ಕಲ್ಲು ನೋಡಲಿಲ್ಲ, ನನ್ನ ಮುಖ ನೋಡುತ್ತಾ ಅಳತೊಡಗಿದರು.

ನಿರ್ಮಲಮ್ಮ ಲೆಕ್ಕ ಹಾಕುತ್ತಿದ್ದರು. "ಅಂದ್ರೆ ನಮ್ಮನೇಲಿ ಇದ್ದದ್ದು ಒಂದೇ ಒಂದು? ಈ ಹದಿಮೂರನ್ನ ನಾವು ನೋಡೇ ಇಲ್ವಲ್ಲೇ!" ಎಂದು ಚಾಪೆಯ ಮೇಲೆ ಮುಂದಕ್ಕೆ ಸರಿದು ಕೈ ಚಾಚಿದರು. "ಮದುವೆಗೆ ಇನ್ನೂ ದಿನ ಅದೆ. ಒಂದು ಮೂರು ದಿನ ಇಟ್ಕೊಂಡು ನೋಡಿ ಹೇಳ್ತೀನಿ, ಕೊಡಿ ವರದಮ್ಮ."

ನಾನು ವರದಮ್ಮನವರ ಬೆರಳುಗಳನ್ನು ಕಲ್ಲುಗಳ ಮೇಲೆ ಒಂದೊಂದಾಗಿ ಮಡಚಿ ಮುಚ್ಚಿದೆ.

"ಬ್ಯಾಡ್ರೀ ನಿರ್ಮಲಮ್ಮ," ಎಂದೆ. "ಇವು ಮೂರು ದಿನ ನಮ್ಮಬ್ಬಾನ ಕೈಯಾಗಿದ್ವು. ನೋಡೋದೆಲ್ಲ ನೋಡಿ ಆಗೈತಿ."